ಶೀತಕ್ಕಿಂತ ಶೀತವಾದ ಅಣುಗಳು

ಮಾರ್ಗಶಿರದ ಮುಂಜಾವಿನಲ್ಲಿ ಪಾಲಮಲೆಯನ್ನೇರಿ ಸಿದ್ಧೇಶ್ವರನ ಸನ್ನಿಧಿಯಲ್ಲಿ ನಿಂತವರಿಗೆ ಚಳಿಯೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಾವು ಈ ತಿಂಗಳು ವಾಚಕರ ಮುಂದಿಡಬಯಸುವ ಚಳಿಯ ಎದುರಿಗೆ ಆ ಚಳಿಯು ಕಮ್ಮಾರನ ಕುಲುಮೆಯೇ ಸರಿ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತಮಿಳು ಶಾಲೆಗೆ ಹೋಗುವ ನಮ್ಮ ಮಕ್ಕಳು 'ಅಣು' ಎಂಬುದನ್ನು ಕನ್ನಡದ 'ಪರಮಾಣು'ವಿನ ಅರ್ಥದಲ್ಲಿ ಕಲಿಯುತ್ತಾರೆ. ಕನ್ನಡದಲ್ಲಿ ಅಣುವೆಂದರೆ ಪರಮಾಣುಗಳು ಕೂಡಿ ಆದದ್ದು, ತಮಿಳಿನ 'ಮೂಲಕ್ಕೂರು'. ಮನೆಯ ಮಾತಿಗೂ ಶಾಲೆಯ ಮಾತಿಗೂ ನಡುವೆ ನಿಂತ ಮಗುವು ಇಲ್ಲಿಯೇ ಎಡವುವುದು ಸಹಜ. ಹಿರಿಯರು ಜೊತೆಗೆ ಕುಳಿತು ಓದಿದರೆ ಲೇಸು.

ಶಾಖವೆಂಬುದು ಕಣಗಳ ಓಟವೇ ಹೊರತು ಬೇರೆಯಲ್ಲ. ನಾವು ಉಸಿರಾಡುವ ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಧಾವಿಸುತ್ತಿರುತ್ತವೆ. ಓಟವು ಕುಗ್ಗಿದಷ್ಟೂ ತಂಪು. ಸೊನ್ನೆಗಿಂತ 273.15 ಡಿಗ್ರಿ ಸೆಲ್ಸಿಯಸ್ ಕೆಳಗೆ ಶೈತ್ಯದ ಕೊನೆಯ ಗೆರೆಯಿದೆ. ಅದನ್ನು ಮುಟ್ಟಲಾಗದು, ಸಮೀಪಿಸಬಹುದು. ವಿಜ್ಞಾನಿಗಳು ಇಂದು ಆ ಗೆರೆಯಿಂದ ಒಂದು ಡಿಗ್ರಿಯ ನೂರು ಕೋಟಿಯಲ್ಲಿ ಕೆಲವೇ ಪಾಲುಗಳಷ್ಟು ದೂರದವರೆಗೆ ಹೋಗಿದ್ದಾರೆ.

ಇದಕ್ಕೆ ಅವರು ಹಿಡಿದ ಸಾಧನ ಲೇಸರ್ ಬೆಳಕು. ಬೆಳಕು ಸುಡುವುದನ್ನು ಕಂಡ ನಮಗೆ ಅದು ತಣಿಸುವುದೆಂದರೆ ಸೋಜಿಗವೇ. ಎದುರಿನಿಂದ ಬರುವ ಬೆಳಕಿನ ಕಣವನ್ನು ಪರಮಾಣು ನುಂಗಿದಾಗ ಅದಕ್ಕೊಂದು ಸಣ್ಣ ಹಿನ್ನೂಕು ಸಿಗುತ್ತದೆ. ಬೆಳಕನ್ನು ಉಗುಳಿ ಮೊದಲಿನ ಸ್ಥಿತಿಗೆ ಮರಳಿ ಮತ್ತೆ ನುಂಗುತ್ತದೆ. ಹೀಗೆ ಸಾವಿರಾರು ನೂಕುಗಳಾದ ಮೇಲೆ ಓಟ ನಿಲ್ಲುತ್ತ ಬರುತ್ತದೆ. ಈ ವಿದ್ಯೆಗಾಗಿ ಚೂ, ಕೊಹೆನ್-ತನ್ನೂಜಿ, ಫಿಲಿಪ್ಸ್ ಎಂಬ ಮೂವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಪರಮಾಣುವಿಗೆ ಒಗ್ಗಿದ ಉಪಾಯ ಅಣುವಿಗೆ ಸುಲಭವಾಗಿ ಒಗ್ಗದು. ಏತದ ಬಾನಿಯು ಪ್ರತಿಸಲವೂ ಅದೇ ಬಾವಿಗೆ ಇಳಿದರಲ್ಲವೇ ನೀರೆತ್ತುವುದು? ಅಣುವಾದರೋ ಕಂಪಿಸುತ್ತದೆ, ಗಿರ್ರನೆ ತಿರುಗುತ್ತದೆ. ಬೆಳಕನ್ನು ಉಗುಳಿದ ಬಳಿಕ ಯಾವ ಬಾವಿಗೆ ಬೀಳುವುದೋ ಹೇಳಬರುವಂತಿಲ್ಲ. ಆದ್ದರಿಂದ ಅಮೆರಿಕದ ಬೋಲ್ಡರಿನಲ್ಲಿ ಡೆಬೊರಾ ಜಿನ್ ಮತ್ತು ಜುನ್ ಯೆ ಅವರ ತಂಡಗಳು ಪೊಟ್ಯಾಸಿಯಂ, ರುಬಿಡಿಯಂ ಪರಮಾಣುಗಳನ್ನು ಮೊದಲೇ ತಣಿಸಿ, ಆಮೇಲೆ ಅವುಗಳಿಗೆ ಗಂಟುಹಾಕಿ, 2008ರಲ್ಲಿ ಅತಿಶೀತ ಅಣುಗಳನ್ನು ಪಡೆದವು. ಆ ಚಳಿಯಲ್ಲಿಯೂ ಅಣುಗಳು ತಮ್ಮೊಳಗೇ ವರ್ತಿಸಿ ಕಳೆದುಹೋಗುತ್ತಿದ್ದುದು ಇನ್ನೊಂದು ಪೀಡೆ. ಅಣುಗಳು ಪರಸ್ಪರ ತೀರ ಹತ್ತಿರ ಬಾರದಂತೆ ಸೂಕ್ಷ್ಮತರಂಗಗಳ ಬೇಲಿ ಹಾಕಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಸೋಡಿಯಂ-ಸೀಸಿಯಂ ಅಣುಗಳಿಂದ ಬೋಸ್-ಐನ್‌ಸ್ಟೈನ್ ಸಾಂದ್ರತೆಯನ್ನು ಪಡೆದರು. ಇದರಲ್ಲಿ ಹಾಲೆಂಡಿನ ನೈಮೇಗನ್ನಿನ ಸಿದ್ಧಾಂತಿಯ ಲೆಕ್ಕವೂ ಬೆರೆತಿತ್ತು. ಆ ಹೆಸರಿನ ಮೊದಲರ್ಧ ನಮ್ಮ ಸತ್ಯೇಂದ್ರನಾಥ ಬೋಸರದೆಂಬುದನ್ನು, 1924ರಲ್ಲಿ ಅವರು ಢಾಕಾದಿಂದ ಐನ್‌ಸ್ಟೈನರಿಗೆ ತಮ್ಮ ಪ್ರಬಂಧ ಕಳುಹಿದುದನ್ನು ನೆನೆಯುವುದು ಉಚಿತ.

ನಮಗೆ ಸಮೀಪದ ಕೆಲಸ ಬೆಂಗಳೂರಿನದು. 1948ರಲ್ಲಿ ಸರ್ ಸಿ. ವಿ. ರಾಮನ್ ಅವರು ಅಲ್ಲಿ ಸ್ಥಾಪಿಸಿದ ಸಂಶೋಧನಾ ಮಂದಿರದಲ್ಲಿ ಸಾದಿಕ್ ರಂಗವಾಲಾ ಮತ್ತು ಸಂಗಡಿಗರು ತಣ್ಣನೆಯ ರುಬಿಡಿಯಂ ಪರಮಾಣುಗಳ ನಡುವೆ ಅದೇ ಧಾತುವಿನ ಅಯಾನುಗಳನ್ನು ಹಿಡಿದಿಟ್ಟು, ಡಿಕ್ಕಿಗಳಿಂದಲೇ ಅವು ತಣಿಯುವುದನ್ನು 2012ರಲ್ಲಿ ತೋರಿಸಿದರು. ಸಮತೂಕದ ಜೋಡಿಯಲ್ಲಿ ಇದು ಆಗದೆಂಬುದೇ ಆವರೆಗಿನ ಎಣಿಕೆಯಾಗಿತ್ತು. (ರಾಮನ್ನರು ಹುಟ್ಟಿದ್ದು ತಿರುಚಿರಾಪಳ್ಳಿಯಲ್ಲಿ, ಪಾಲಮಲೆಯ ಬುಡದ ಮೆಟ್ಟೂರಿನಲ್ಲಿ ತಂಗಿ ಮುಂದೆ ಸಾಗುವ ಕಾವೇರಿಯೇ ಆ ಊರನ್ನೂ ಮುಟ್ಟುತ್ತಾಳೆ.)

"ಇದರಿಂದ ಹೊಟ್ಟೆಗೇನು?" ಎಂದು ಮಲೆಯ ಹಿರಿಯರು ಕೇಳಿಯಾರು. ಹೊಸ ಬಗೆಯ ಗಣಕಯಂತ್ರಗಳು ಬಂದಾವೆಂದು ಹೇಳುವವರುಂಟು. ಅವು ಬಂದಾಗ ಬರಲಿ. ನಮ್ಮ ಮನಸ್ಸನ್ನು ಸೆಳೆದುದು ಬೇರೊಂದು ಪ್ರಶ್ನೆ. ಸೃಷ್ಟಿಯ ಆದಿಯಲ್ಲಿ ದ್ರವ್ಯವೂ ಪ್ರತಿದ್ರವ್ಯವೂ ಸಮಸಮನಾಗಿ ಹುಟ್ಟಿದ್ದರೆ ಎರಡೂ ಒಂದನ್ನೊಂದು ಅಳಿಸಿಹಾಕಬೇಕಾಗಿತ್ತು. ಈ ಬೆಟ್ಟ, ಈ ಹೊಳೆ, ನಾವು ಉಳಿದುದು ಹೇಗೆ? ಎಲೆಕ್ಟ್ರಾನಿನ ವಿದ್ಯುತ್ತಿನ ಹಂಚಿಕೆಯಲ್ಲಿ ಅತಿಸೂಕ್ಷ್ಮವಾದ ಡೊಂಕೇನಾದರೂ ಇದ್ದರೆ ಅಲ್ಲಿ ಉತ್ತರದ ಸುಳಿವಿದೆ. ಅದನ್ನು ಕಾಣಲು ಭಾರವಾದ ಅಣುಗಳೇ ಬೇಕು, ಏಕೆಂದರೆ ಅವುಗಳೊಳಗಿನ ವಿದ್ಯುತ್ ಕ್ಷೇತ್ರಕ್ಕೆ ಸಾಟಿಯಾದುದನ್ನು ಮನುಷ್ಯನು ಕಟ್ಟಲಾರ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಭಾನು ದಾಸ್ ಮತ್ತು ಪ್ರಸನ್ನಾ, ಜಪಾನಿನ ಮಿನೋರಿ ಅಬೆ, ಕೆನಡಾದಲ್ಲಿದ್ದ ಅಮರ್ ವುತಾ ಇವರು ಒಂದಾಗಿ 2015ರಲ್ಲಿ ಪಾದರಸವು ಬ್ರೋಮಿನ್, ಅಯೊಡಿನ್ ಮುಂತಾದವುಗಳೊಡನೆ ಕೂಡಿದ ಅಣುಗಳನ್ನು ಲೆಕ್ಕಹಾಕಿ, ಎಲೆಕ್ಟ್ರಾನಿಗೆ ಅಲ್ಲಿ ಸೆಂಟಿಮೀಟರಿಗೆ 10,000 ಕೋಟಿ ವೋಲ್ಟಿಗೂ ಮಿಕ್ಕ ಕ್ಷೇತ್ರ ಒದಗುವುದೆಂದು ತೋರಿಸಿದರು. ಅಂಥ ಅಣುಗಳನ್ನು ತಣಿಸಿ ನಿಲ್ಲಿಸಿದಷ್ಟು ಹೊತ್ತು ಅವುಗಳನ್ನು ಪರೀಕ್ಷಿಸಬಹುದು.

ಡೊಂಕು ಇನ್ನೂ ಸಿಕ್ಕಿಲ್ಲ. ಬೋಲ್ಡರಿನವರು ಹಿಡಿದಿಟ್ಟ ಹ್ಯಾಫ್ನಿಯಂ ಫ್ಲೋರೈಡ್ ಅಯಾನುಗಳಲ್ಲಿ ಹುಡುಕಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎಲೆಕ್ಟ್ರಾನನ್ನು ಭೂಮಿಯಷ್ಟು ಹಿಗ್ಗಿಸಿದರೂ ಅದರ ಡೊಂಕು ಒಂದು ಪರಮಾಣುವಿನ ಗಾತ್ರವನ್ನು ಮೀರದು.