ದಂಗೆಯೆದ್ದ ಅದಿರು

ಪೀಣ್ಯದಲ್ಲಿ ಕಾರ್ಖಾನೆಗಳಿಗೆ ತಳಪಾಯ ಹಾಕುವುದನ್ನು ನೀವು ನೋಡಿರಬಹುದು. ಗುಡ್ಡೆಯಾಗಿ ಕುಳಿತ ಕಾಂಕ್ರೀಟಿನೊಳಕ್ಕೆ ಕೆಲಸಗಾರನು ವೈಬ್ರೇಟರನ್ನು ಇಳಿಸುತ್ತಾನೆ. ಮರುಕ್ಷಣವೇ ಆ ಗುಡ್ಡೆಯು ಅಂಬಲಿಯಂತೆ ಹರಿದು ಮೂಲೆಮೂಲೆಗಳನ್ನು ತುಂಬುತ್ತದೆ. ನೀರನ್ನು ಯಾರೂ ಹೊಸದಾಗಿ ಬೆರೆಸಲಿಲ್ಲ, ಅಲುಗಾಟವೊಂದೇ ಸಾಕಾಯಿತು. ಕಟ್ಟಡಕ್ಕೆ ಉಪಕಾರಿಯಾದ ಈ ಗುಣವೇ ಕಡಲಿನಲ್ಲಿ ಪ್ರಾಣಕ್ಕೆ ಎರವಾಗಬಲ್ಲದು.

ನಾವಿಕರು ಕಪ್ತಾನನ ವಿರುದ್ಧ ದಂಗೆಯೆದ್ದ ಕಥೆಗಳನ್ನು ನಾವು ಓದಿದ್ದೇವೆ. ಆದರೆ 2009ರ ಜುಲೈ ತಿಂಗಳಲ್ಲಿ ಮಂಗಳೂರಿನ ಬಳಿ ದಂಗೆಯೆದ್ದುದು ಸರಕು! 'ಏಷ್ಯನ್ ಫಾರೆಸ್ಟ್' ಎಂಬ ಹಡಗು ನವಮಂಗಳೂರು ಬಂದರಿನಲ್ಲಿ ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿಯನ್ನು ತುಂಬಿಕೊಂಡು ಚೀನಾದ ಕಡೆಗೆ ಹೊರಟಿತು. ಅದು ಮುಂಗಾರಿನ ಕಾಲ. ದಡ ಬಹಳ ದೂರವಾಗುವ ಮೊದಲೇ ಹಡಗು ಒಂದು ಪಕ್ಕಕ್ಕೆ ವಾಲಿತು, ಮತ್ತೆ ನೆಟ್ಟಗಾಗಲಿಲ್ಲ. 18 ಮಂದಿ ನಾವಿಕರು ಬದುಕಿ ಉಳಿದರು, ಹಡಗು ಮುಳುಗಿತು. ಅದಿರು ದ್ರವೀಕರಣ ಹೊಂದಿದುದೇ ಇದಕ್ಕೆ ಕಾರಣವೆಂದು ತಜ್ಞರು ಎಣಿಸುತ್ತಾರೆ.

ಇದು ಹೇಗೆ ಸಾಧ್ಯ? ತೇವಗೊಂಡ ಪುಡಿಯ ಕಣಗಳ ನಡುವೆ ಗಾಳಿಯೂ ನೀರೂ ಇರುತ್ತವೆ. ಅಲೆಗಳ ಹೊಯ್ದಾಟದಿಂದಲೂ ಯಂತ್ರದ ಕಂಪನದಿಂದಲೂ ಕಣಗಳು ಒತ್ತೊತ್ತಾಗಿ ಕುಳಿತಂತೆ ಆ ಎಡೆಗಳು ಕಿರಿದಾಗುತ್ತವೆ. ನೀರಿಗೆ ಹೋಗಲು ದಾರಿಯಿಲ್ಲ. ಅದರ ಒತ್ತಡ ಏರುತ್ತದೆ. ಅದು ಕಣಗಳನ್ನು ಪರಸ್ಪರ ದೂಡಲು ಘರ್ಷಣೆ ಕುಗ್ಗಿ, ರಾಶಿಯು ಕೆಸರಾಗಿ ಹರಿಯುತ್ತದೆ.

ಘನ ಸರಕು ತುಂಬಿದ ಹಡಗು ವಾಲಿದರೆ ಗುರುತ್ವಕೇಂದ್ರವು ಸ್ವಸ್ಥಾನದಲ್ಲಿಯೇ ಇರುತ್ತದೆ. ಪ್ಲವನಕೇಂದ್ರವು ತಗ್ಗಿದ ಪಕ್ಕಕ್ಕೆ ಸರಿದು ಹಡಗನ್ನು ಎತ್ತಿ ನಿಲ್ಲಿಸುತ್ತದೆ. ಸರಕೇ ತಗ್ಗಿಗೆ ಹರಿದರೆ ಗುರುತ್ವಕೇಂದ್ರವೂ ಅದರ ಬೆನ್ನುಹತ್ತುತ್ತದೆ. ಆಗ ಎತ್ತುವ ಬಲಯುಗ್ಮವು ಕ್ಷೀಣಿಸಿ, ಹಡಗು ಮಗುಚುತ್ತದೆ. 2010ರ ಕೊನೆಯ ಮೂರು ತಿಂಗಳುಗಳಲ್ಲಿ ಇಂಡೋನೇಷಿಯಾದಿಂದ ನಿಕ್ಕಲ್ ಅದಿರನ್ನು ಹೊತ್ತ ಮೂರು ಹಡಗುಗಳು ಮುಳುಗಿ 40ಕ್ಕೂ ಹೆಚ್ಚು ನಾವಿಕರು ಮಡಿದರು.

2011ರಿಂದ ಕಡ್ಡಾಯವಾದ ಅಂತರರಾಷ್ಟ್ರೀಯ ನಿಯಮಾವಳಿಯು ಇಂಥ ಸರಕಿನ ತೇವಕ್ಕೆ ಮಿತಿಯನ್ನು ವಿಧಿಸಿದೆ. ಅದು ಸೂಚಿಸುವ ಸರಳ ಪರೀಕ್ಷೆಯೊಂದಿದೆ: ಡಬ್ಬಿಯಲ್ಲಿ ಅರ್ಧದಷ್ಟು ಅದಿರು ತುಂಬಿ, 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ತೋರಿದರೆ ಪ್ರಯೋಗಾಲಯದ ಪರೀಕ್ಷೆಯಾಗದೆ ಸರಕನ್ನು ಏರಿಸಕೂಡದು. ತೋರದಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ.

ತೇವವಾದ ನುಣ್ಣನೆಯ ಮರಳಿನಿಂದ ನೀವೂ ಇದನ್ನು ಮಾಡಿ ನೋಡಿರಿ. ಒಣಗಿದಂತೆ ಕಾಣುವ ರಾಶಿಯನ್ನು ಕಣ್ಣಳತೆಯಿಂದಲೇ ನಂಬಬಾರದೆಂಬುದು ಆಗ ಮನದಟ್ಟಾಗುವುದು.