ಠಾಣೆಗೂ ಬೊರಿವಲಿಗೂ ನಡುವೆ

ಠಾಣೆಯ ನಮ್ಮ ಮನೆಯ ಬಾಲ್ಕನಿಯಿಂದ ಒಂದು ಗುಡ್ಡಸಾಲು ಕಾಣುತ್ತದೆ. ಮೇ ತಿಂಗಳಲ್ಲಿ ಬೋಳು ಬೋಳಾಗಿ ಕಂದು ಬಣ್ಣದಲ್ಲಿರುವ ಅದು, ಜೂನ್ ಮೂರನೇ ವಾರದ ಹೊತ್ತಿಗೆ ನಮ್ಮ ಬೆಳ್ತಂಗಡಿಯ ಗುಡ್ಡಗಳೇ ಇಲ್ಲಿಗೆ ವರ್ಗವಾಗಿ ಬಂದಿವೆಯೇನೋ ಎಂಬಷ್ಟು ಹಸಿರಾಗುತ್ತದೆ. ಆ ಗುಡ್ಡದ ಆಚೆ ಮಗ್ಗುಲಲ್ಲಿ ಬೊರಿವಲಿ. ಹಕ್ಕಿಗೆ ಹತ್ತಿರ. ಮನುಷ್ಯರು ಮಾತ್ರ ಘೋಡ್‌ಬಂದರ್ ರಸ್ತೆಯಲ್ಲಿ ಕಾಡನ್ನು ಸುತ್ತುಹಾಕಿ, ಟ್ರಾಫಿಕ್ಕಿನಲ್ಲಿ ಬೆವರಿಳಿಸಿಕೊಂಡು ತಲುಪಬೇಕು.

ಈ ನಡುವಿನ ಕಾಡೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಸುಮಾರು 104 ಚದರ ಕಿಲೋಮೀಟರ್. ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಆರನೇ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಕುದುರೆಮುಖದ ನಾಲ್ಕೂ ಕಡೆ ಎರಡು ಕೋಟಿ ಜನರಿಲ್ಲ. ಮುಂಬಯಿಯ ಕನ್ನಡಿಗರಲ್ಲಿ ಚಾರಣದ ಹುಚ್ಚಿರುವವರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಲೋಣಾವಳ, ರಾಜಮಾಚಿ ಎಂದು ಹೊರಡುತ್ತಾರೆ. ಊರಿಗೆ ಹೋದಾಗ ಕುಮಾರಪರ್ವತ ಹತ್ತುತ್ತಾರೆ. ಬೊರಿವಲಿಯ ಕಾಡು ಎಂದರೆ 'ಮಕ್ಕಳನ್ನು ಆಟದ ರೈಲಿನಲ್ಲಿ ಕೂರಿಸುವ ಜಾಗ ತಾನೆ?' ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಅಸಡ್ಡೆಗೆ ಒಮ್ಮೆ ದಂಡ ತೆರಬೇಕಾಗಿ ಬಂತು.

2013ರ ಜುಲೈ. ಮದುವೆಯಾಗಿರಲಿಲ್ಲ. ಆಫೀಸಿನ ಮೂವರು ಗೆಳೆಯರ ಜೊತೆ ಯೇವೂರಿನ ಕಡೆಯಿಂದ ಕಾಡಿಗೆ ನುಗ್ಗಿದ್ದೆ. ಯೇವೂರು ಎಂದರೆ ಇದೇ ಉದ್ಯಾನದ ಠಾಣೆ ಭಾಗ. ಮಳೆಗಾಲದಲ್ಲಿ ಅಲ್ಲಿನ ಜಲಪಾತಗಳಿಗೆ ಹೋಗಬಾರದೆಂಬ ನಿಷೇಧ ನಮಗೆ ಗೊತ್ತಿತ್ತು. 'ಕುದುರೆಮುಖ ಹತ್ತಿದವನಿಗೆ ಇದೇನು ಮಹಾ' ಎಂದು ಉಳಿದವರನ್ನು ಹುರಿದುಂಬಿಸಿದ್ದು ನಾನೇ. ಹೋಗುವಾಗ ಮೊಣಕಾಲಿನವರೆಗೂ ಇಲ್ಲದ ತೊರೆ. ಆಚೆ ದಡದಲ್ಲಿ ಒಂದು ಗಂಟೆ ಕೂತು, ವಡಾಪಾವ್ ತಿಂದು ತಿರುಗಿ ಬಂದರೆ ಅದೇ ತೊರೆ ಚಹಾದ ಬಣ್ಣಕ್ಕೆ ತಿರುಗಿ, ಮರದ ದಿಮ್ಮಿಯನ್ನು ಹೊತ್ತುಕೊಂಡು ಓಡುತ್ತಿತ್ತು. ನಾವು ಕೂತಲ್ಲಿ ಮಳೆ ಜೋರೇನೂ ಇರಲಿಲ್ಲ. ಮೇಲೆ ಎಲ್ಲೋ ಸುರಿದಿತ್ತು. ಇಲ್ಲಿನ ಗುಡ್ಡಗಳು ಕಡಿದಾದವು, ನೆಲ ಕಪ್ಪು ಬಸಾಲ್ಟ್ ಬಂಡೆ, ಮೇಲೆ ತೆಳ್ಳಗೆ ಮಣ್ಣು. ಬಿದ್ದ ನೀರು ಇಂಗಲು ಪುರಸೊತ್ತಿಲ್ಲ, ನೇರ ಕೆಳಕ್ಕೆ.

ಒಬ್ಬ ಗೆಳೆಯ ಕೈಹಿಡಿದು ಸಾಲಾಗಿ ದಾಟೋಣ ಎಂದ. ಕಾಲಿಡುವವರಿದ್ದೆವು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು. ತಲೆ ಮೇಲೆ ಪ್ಲಾಸ್ಟಿಕ್ ಹೊದ್ದ, ಕೈಯಲ್ಲಿ ಕುಡುಗೋಲು ಹಿಡಿದ ಒಬ್ಬ ಮುದುಕಿ. ವಾರ್ಲಿ ಆದಿವಾಸಿಗಳ ಪಾಡಾ, ಅಂದರೆ ಹಾಡಿ, ಅಲ್ಲೇ ಸಮೀಪದಲ್ಲಿತ್ತು. ಆಜಿ ನಮಗೆ ಮರಾಠಿಯಲ್ಲಿ ಚೆನ್ನಾಗಿ ಬೈದರು. ಅರ್ಧ ಅರ್ಥವಾಗಲಿಲ್ಲ, ಅರ್ಥವಾದ ಅರ್ಧವೇ ಸಾಕಿತ್ತು. ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಒಲೆಯ ಹತ್ತಿರ ಕೂರಿಸಿ ಕರಿ ಚಹಾ ಕೊಟ್ಟರು. ಎರಡು ಗಂಟೆ ಕಳೆದ ಮೇಲೆ ಬೇರೊಂದು ದಾರಿಯಲ್ಲಿ ರಸ್ತೆಯವರೆಗೆ ತಂದು ಬಿಟ್ಟರು. ದುಡ್ಡು ಕೊಡಲು ಹೋದಾಗ ಇನ್ನೊಂದು ಸುತ್ತು ಬೈಗುಳ.

ಅಲ್ಲಿಂದ ಮುಂದೆ ನಾನು ಈ ಕಾಡಿಗೆ ಹೋಗುವುದು ಮುಂಭಾಗಿಲಿನಿಂದ, ಅನುಮತಿ ಪಡೆದು, ದಾರಿ ಬಲ್ಲವರ ಹಿಂದೆ. ಬೊರಿವಲಿ ಪೂರ್ವದಲ್ಲಿ ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ಹತ್ತಿರ ಮುಖ್ಯದ್ವಾರವಿದೆ. ಸೋಮವಾರ ರಜೆ. ಒಳಗಿನ ನಿಸರ್ಗ ಮಾಹಿತಿ ಕೇಂದ್ರದವರು ನಡಿಗೆಗಳನ್ನು ಏರ್ಪಡಿಸುತ್ತಾರೆ. ನನಗೆ ಇಷ್ಟವಾದದ್ದು ಶಿಲೊಂಡಾ ದಾರಿ. ಕಷ್ಟದ ದಾರಿಯಲ್ಲ, ಎಂಟು ವರ್ಷದ ನನ್ನ ಮಗಳೂ ಆರಾಮವಾಗಿ ನಡೆದಳು. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಾವಿಬ್ಬರೂ ಹೋಗಿದ್ದಕ್ಕೆ ಒಂದು ಕಾರಣವಿತ್ತು: ಕಾರ್ವಿ ಹೂ ಬಿಟ್ಟಿತ್ತು. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿಯ ಬಳಗದ ಗಿಡ ಇದು. ಇಲ್ಲಿಯದು ಎಂಟು ವರ್ಷಕ್ಕೊಮ್ಮೆ. 2008, 2016, ಆಮೇಲೆ 2024. ಏಳು ವರ್ಷ ಸುಮ್ಮನೆ ಎತ್ತರವಾಗುತ್ತ ಹೋಗಿ, ಎಂಟನೆಯ ವರ್ಷ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗಿ, ಬೀಜ ಕಟ್ಟಿ ಸಾಯುತ್ತದೆ. ಇದರ ಕಡ್ಡಿಗಳನ್ನು ಹೆಣೆದು ಸಗಣಿ ಮಣ್ಣು ಮೆತ್ತಿದರೆ ವಾರ್ಲಿ ಮನೆಯ ಗೋಡೆ. ಆ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆದದ್ದೇ ಇವತ್ತು ನಮ್ಮ ಆಫೀಸಿನ ಕಾಫಿ ಮಗ್ಗಿನ ಮೇಲೂ ಕಾಣುವ ವಾರ್ಲಿ ಚಿತ್ರ.

ದಾರಿ ದಹಿಸರ್ ನದಿಯ ಸಂಗಾತಿ. ತುಳಸಿ ಕೆರೆಯ ಕಡೆಯಿಂದ ಹರಿದು ಬರುವ ಈ ನದಿಯನ್ನು ಕಾಡಿನೊಳಗೆ ನೋಡಿದವರು ಹೊರಗೆ ನೋಡಿದರೆ ಗುರುತು ಹಿಡಿಯಲಾರರು. ಒಳಗೆ ಬಂಡೆಯ ಮೇಲೆ ತಿಳಿನೀರು, ಮರಿ ಏಡಿ, ಕಾಲಿಗೆ ಮುತ್ತುವ ಮೀನು. ಗಡಿ ದಾಟಿದ ಕೂಡಲೇ ಅದು ನಾಲಾ. ಪೊವಾಯಿ, ಕುರ್ಲಾ, ಬಾಂದ್ರಾ ಕಡೆ ಹರಿಯುವ ಮೀಠಿ ನದಿಗೂ ನೀರಿನ ಮೂಲ ಇದೇ ಗುಡ್ಡಗಳು. ವಿಹಾರ್ ಕೆರೆ ತುಂಬಿ ಹೊರಚೆಲ್ಲಿದ್ದು ಅದಕ್ಕೆ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ಮೀಠಿ ಉಕ್ಕಿದಾಗಲೇ ಬಹಳ ಮಂದಿಗೆ ಮುಂಬಯಿಯಲ್ಲಿ ಒಂದು ನದಿಯಿದೆ ಎಂದು ಗೊತ್ತಾದದ್ದು.

ನಮ್ಮ ಮಾರ್ಗದರ್ಶಿ ಕಾಡಿನೊಳಗಿನ ಪಾಡಾದಲ್ಲೇ ಹುಟ್ಟಿ ಬೆಳೆದ ಹುಡುಗ. ಮಗಳು ಅವನನ್ನು 'ದಾದಾ, ದಾದಾ' ಎಂದು ಬಿಡದೆ ಪ್ರಶ್ನೆ ಕೇಳುತ್ತಿದ್ದಳು. ಚಿರತೆ ಕಾಣುತ್ತದೆಯೇ ಎಂಬುದೇ ಅವಳ ದೊಡ್ಡ ಪ್ರಶ್ನೆ. ಅವನು ನಕ್ಕು, 'ಅದು ನಿನ್ನನ್ನು ನೋಡಿ ಆಗಿರುತ್ತೆ' ಎಂದ. 2018ರ ಕ್ಯಾಮೆರಾ ಗಣತಿಯಲ್ಲಿ ಉದ್ಯಾನ ಮತ್ತು ಸುತ್ತಮುತ್ತ 47 ಚಿರತೆಗಳು ಲೆಕ್ಕಕ್ಕೆ ಸಿಕ್ಕಿದ್ದವು. ಜಗತ್ತಿನಲ್ಲೇ ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಚಿರತೆ ಇರುವ ಊರುಗಳು ವಿರಳ. 2002ರಿಂದ 2004ರವರೆಗೆ ಇಲ್ಲಿ ಮನುಷ್ಯರ ಮೇಲೆ ದಾಳಿಗಳು ವಿಪರೀತವಾಗಿದ್ದವು. ಬೇರೆಡೆ ಬೋನಿಗೆ ಬಿದ್ದ ಚಿರತೆಗಳನ್ನು ಈ ಕಾಡಿಗೆ ತಂದು ಬಿಡುತ್ತಿದ್ದುದೂ ಒಂದು ಕಾರಣವೆಂದು ಆಮೇಲೆ ತಿಳಿಯಿತು. ಒಂದು ಚಿರತೆಯನ್ನು ಅದರ ಜಾಗದಿಂದ ಕಿತ್ತು ಬೇರೆ ಕಡೆ ಬಿಟ್ಟರೆ ಗಲಾಟೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಎಂದು ವಿದ್ಯಾ ಆತ್ರೇಯ ಅವರ ಅಧ್ಯಯನ ಜುನ್ನರ್‌ನ ಕಬ್ಬಿನಗದ್ದೆಗಳಲ್ಲಿ ತೋರಿಸಿಕೊಟ್ಟಿತ್ತು. 2011ರಲ್ಲಿ ಅರಣ್ಯ ಇಲಾಖೆ ಮುಂಬಯಿಯ ಜನರನ್ನೇ ಸೇರಿಸಿಕೊಂಡು ಒಂದು ಅಭಿಯಾನ ಶುರು ಮಾಡಿತು. ಅದು ಹೇಳಿದ್ದು ತೀರ ಸಾದಾ ವಿಷಯ: ಕಸ ಎಸೆಯಬೇಡಿ, ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ.

ಪಾಡಾದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವರಿಗೆ ವಾಘೋಬಾ ಇದ್ದಾನೆ, ಹುಲಿ-ಚಿರತೆಯ ರೂಪದ ದೈವ. ಮರದ ಬುಡದಲ್ಲಿ ಕುಂಕುಮ ಬಳಿದ ಕಲ್ಲನ್ನು ತೋರಿಸಿ ಹುಡುಗ ಕೈಮುಗಿದ. ನಾನೂ ಮುಗಿದೆ. ಪಿಲಿಚಾಮುಂಡಿಯ ಕೋಲ ನೋಡಿ ಬೆಳೆದವನಿಗೆ ಇದರಲ್ಲಿ ಹೊಸದೇನಿದೆ? 'ನಮ್ಮಲ್ಲೂ ಇದೆ' ಎಂದೆ. ಅವನು ನಂಬಲಿಲ್ಲ, ಮೊಬೈಲಿನಲ್ಲಿ ಫೋಟೋ ತೋರಿಸಿದ ಮೇಲೆ ನಂಬಿದ.

ನಡಿಗೆ ಮುಗಿದ ಮೇಲೆ ಕಾನ್ಹೇರಿ ಗುಹೆಗಳಿಗೆ ಹೋದೆವು. ಒಂದೇ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಪ್ರತಿಯೊಂದರ ಹತ್ತಿರವೂ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿ, ಅದಕ್ಕೆ ಮಳೆನೀರು ತರುವ ಕಾಲುವೆ. ನಮ್ಮ ಸೊಸೈಟಿಯ ಮಳೆಕೊಯ್ಲಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ನಡಿಗರು ಇಲ್ಲಿಗೆ ಒಮ್ಮೆ ಬರಲೇಬೇಕೆಂದು ನಾನು ಹೇಳುವುದಕ್ಕೆ ಬೇರೆ ಕಾರಣವಿದೆ. ಇಲ್ಲಿ 9ನೇ ಶತಮಾನದ ಸಂಸ್ಕೃತ ಶಾಸನಗಳಿವೆ, ಒಂದು ಶಕ 799ರದು, ಅಂದರೆ ಕ್ರಿ.ಶ. 877ರ ಹೊತ್ತಿನದು. ಕೊಂಕಣವನ್ನು ಶಿಲಾಹಾರರು ಆಳುತ್ತಿದ್ದರು. ಅವರಿಗೆ ಮೇಲಿನ ದೊರೆಯೆಂದು ಶಾಸನ ಹೆಸರಿಸುವುದು ಅಮೋಘವರ್ಷನನ್ನು. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಲ್ಲಿ ಕೂತು ಆಳಿದ, 'ಕವಿರಾಜಮಾರ್ಗ' ಯಾರ ಆಸ್ಥಾನದಲ್ಲಿ ಹುಟ್ಟಿತೋ ಅದೇ ನೃಪತುಂಗ. ಇನ್ನೊಂದು ಶಾಸನ, ಗೌಡ ದೇಶ ಅಂದರೆ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಇಲ್ಲಿನ ಭಿಕ್ಷುಗಳಿಗೆ ಕೊಟ್ಟ ದಾನವನ್ನು ಹೇಳುತ್ತದೆ. ದೂರದ ಊರಿನವನು ಈ ಗುಡ್ಡಕ್ಕೆ ಬಂದು ಹೆಸರು ಕೆತ್ತಿಸಿದ್ದಾನೆ. ನಾವು ಸೊಸೈಟಿಯ ಬೋರ್ಡಿನಲ್ಲಿ ಹೆಸರು ಹಾಕಿಸಿದ ಹಾಗೆ.

ಹೊರಗಿನವರಾದ ನಮ್ಮ ಹೆಸರಿಗೆ ಬೋರ್ಡು ಇದೆ. ಒಳಗಿನವರ ವಿಷಯ ಅಷ್ಟು ಸಲೀಸಲ್ಲ. ಉದ್ಯಾನದ ಒತ್ತುವರಿಯ ವಿರುದ್ಧ 1995ರಲ್ಲಿ ಪರಿಸರ ಸಂಘಟನೆಯೊಂದು ಹೈಕೋರ್ಟಿಗೆ ಹೋಯಿತು. 1997ರ ಆದೇಶದ ನಂತರ ಸಾವಿರಾರು ಗುಡಿಸಲುಗಳು ನೆಲಸಮವಾದವು. ಒತ್ತುವರಿ ಮಾಡಿದವರ ಜೊತೆ, ತಲೆತಲಾಂತರದಿಂದ ಕಾಡಲ್ಲೇ ಇದ್ದ ಪಾಡಾಗಳೂ ಅದೇ ಲೆಕ್ಕಕ್ಕೆ ಬಿದ್ದವು. ಕಾಡು ಉಳಿದದ್ದು ಆ ಆದೇಶದಿಂದ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಉಳಿಯದಿದ್ದರೆ ನನ್ನ ಬಾಲ್ಕನಿಯಿಂದ ಕಾಣುತ್ತಿದ್ದುದು ಇನ್ನಷ್ಟು ಟವರುಗಳು. ಆದರೆ ಟಿಕೆಟ್ ಕೊಂಡ ನನಗೆ ಇಲ್ಲಿ ಸ್ವಾಗತ, ತೊರೆಯ ದಡದಲ್ಲಿ ನನ್ನ ಜೀವ ಉಳಿಸಿದ ಆಜಿಯಂಥವರು ಮಾತ್ರ ಕಾಗದ ಪತ್ರ ಹಿಡಿದು ಓಡಾಡಬೇಕು ಎಂದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ. ಈಗ ಕಾಡಿನಡಿಯಲ್ಲಿ ಠಾಣೆಯಿಂದ ಬೊರಿವಲಿಗೆ ಜೋಡಿ ಸುರಂಗ ಬರುತ್ತಿದೆ. 2024ರ ಜುಲೈಯಲ್ಲಿ ಶಂಕುಸ್ಥಾಪನೆಯಾಯಿತು. ಅದು ಮುಗಿದರೆ ಘೋಡ್‌ಬಂದರ್ ಸುತ್ತುವ ಕಷ್ಟ ನನಗೆ ತಪ್ಪುತ್ತದೆ. ನನಗೆ ಅದು ಬೇಕು. ಬೇಕು ಎನ್ನುವಾಗ ಆ ಹುಡುಗನ ಮುಖ ನೆನಪಾಗುತ್ತದೆ.

ಹೊರಡುವಾಗ ಮಗಳು ಮತ್ತೆ ಕಾರ್ವಿ ಯಾವಾಗ ಎಂದು ಕೇಳಿದಳು. 2032 ಎಂದೆ. 'ಆಗ ನನಗೆ ಹದಿನಾರು ಅಪ್ಪ' ಎಂದು ಬೆರಳು ಮಡಿಸಿ ಲೆಕ್ಕ ಹಾಕಿ, ಹುಡುಗನ ಕಡೆ ತಿರುಗಿ, 'ದಾದಾ, ಆಗಲೂ ನೀವೇ ಕರೆದುಕೊಂಡು ಹೋಗ್ತೀರಾ?' ಎಂದು ಹಿಂದಿಯಲ್ಲಿ ಕೇಳಿದಳು. ಅವನು ತಕ್ಷಣ ಉತ್ತರಿಸಲಿಲ್ಲ. ಮನೆಯ ಮುಂದೆ ಹೋದ ಮಳೆಗಾಲದಲ್ಲಿ ಒಂದು ಹಲಸಿನ ಗಿಡ ನೆಟ್ಟಿದ್ದೇನೆ, ಅಷ್ಟು ಹೊತ್ತಿಗೆ ಕಾಯಿ ಬಿಟ್ಟಿರುತ್ತೆ, ತಿನ್ನೋಕೆ ಬಾ ಎಂದ.