ಬೆನ್ನಿಗೆ ಹಾಯುವ ಹೊಟ್ಟೆನೋವು

ಗ್ಯಾಸ್ಟ್ರಿಕ್ ನೋವು ಯಾವುದು, ಪ್ಯಾಂಕ್ರಿಯಾಟೈಟಿಸ್ ಯಾವುದು, ಗುರುತಿಸುವುದು ಹೇಗೆ? ಓದುಗರೊಬ್ಬರ ಈ ಪ್ರಶ್ನೆ ಎಲ್ಲರೂ ಕೇಳಿಕೊಳ್ಳಬೇಕಾದದ್ದು. ನಮ್ಮಲ್ಲಿ ಮೇಲುಹೊಟ್ಟೆಯಲ್ಲಿ ಏನೇ ನೋವು ಬಂದರೂ ‘ಗ್ಯಾಸ್ಟ್ರಿಕ್’ ಎಂದುಕೊಂಡು, ಮಾತ್ರೆ ನುಂಗಿ, ಸೋಡಾ ಕುಡಿದು, ತೇಗಿಗಾಗಿ ಕಾಯುತ್ತೇವೆ. ಪ್ಯಾಂಕ್ರಿಯಾಟೈಟಿಸ್ ಆಗಿ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಉರಿಯುತ್ತಿರುವಾಗ ಹಾಗೆ ಕಾಯುವುದು ಜೀವಕ್ಕೇ ಅಪಾಯ.

ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿ ಮಾಂಸವನ್ನೂ ಕರಗಿಸಬಲ್ಲ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಆದರೆ ಕಳಿಸುವುದು ಟ್ರಿಪ್ಸಿನೋಜನ್ ಎಂಬ ನಿಷ್ಕ್ರಿಯ ರೂಪದಲ್ಲಿ. ಇದನ್ನು ಹಾಲು ಎಂದುಕೊಳ್ಳಿ. ಸಣ್ಣ ಕರುಳಿಗೆ ಬಂದಾಗ ಅಲ್ಲಿನ ಇನ್ನೊಂದು ಕಿಣ್ವ ಅದರಲ್ಲಿ ಸ್ವಲ್ಪವನ್ನು ಟ್ರಿಪ್ಸಿನ್ ಆಗಿಸುತ್ತದೆ. ಆ ಸ್ವಲ್ಪವೇ ಹೆಪ್ಪು. ಅದು ಉಳಿದದ್ದನ್ನೆಲ್ಲ ಟ್ರಿಪ್ಸಿನ್ ಆಗಿ ಬದಲಿಸುತ್ತದೆ. ಕರುಳಿನಲ್ಲಿ ಬೀಳಬೇಕಾದ ಹೆಪ್ಪು ಗ್ರಂಥಿಯೊಳಗೇ ಬಿದ್ದರೆ? ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ.

ಬೋಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ 1889ರಲ್ಲಿ ಈ ಕಾಯಿಲೆಯ ಲಕ್ಷಣಗಳನ್ನು ವ್ಯವಸ್ಥಿತವಾಗಿ ವಿವರಿಸಿದರು. ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ ಎಂದು 1896ರಲ್ಲಿ ಹೇಳಿದವರು ಪ್ರಾಗ್‌ನ ಹಾನ್ಸ್ ಕಿಯಾರಿ. ಪಿತ್ತಕೋಶದಿಂದ ಜಾರಿದ ಕಲ್ಲು ಕರುಳಿಗೆ ತೆರೆದುಕೊಳ್ಳುವ ನಾಳದ ಬಾಯಿಗೆ ಸಿಕ್ಕಿಕೊಂಡರೆ ಕಾಯಿಲೆ ಶುರುವಾಗಬಲ್ಲದೆಂದು 1901ರಲ್ಲಿ ತೋರಿಸಿದವರು ಅಮೆರಿಕದ ಯೂಜೀನ್ ಓಪಿ. ಪಿತ್ತದ ಕಲ್ಲು ಮತ್ತು ಮದ್ಯ ಇಂದಿಗೂ ಮುಖ್ಯ ಕಾರಣಗಳು. ರಕ್ತದಲ್ಲಿ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದರೂ ಅಪಾಯವೇ.

ಕುಡಿಯದವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆ ತಪ್ಪು. ಮದ್ಯ ಮುಟ್ಟದ ಎಳೆಯರಲ್ಲೂ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇರುವುದನ್ನು ಕೇರಳದ ಡಾ. ಗೀವರ್ಗೀಸ್ 1960ರ ದಶಕದಲ್ಲಿ ವಿವರವಾಗಿ ದಾಖಲಿಸಿದರು. ಇಂಥ ಹಲವು ರೋಗಿಗಳಲ್ಲಿ, ಹೊತ್ತಿಗೆ ಮುಂಚೆ ಎದ್ದ ಟ್ರಿಪ್ಸಿನ್ನನ್ನು ಅಡಗಿಸುವ ಸ್ಪಿಂಕ್1 ಜೀನ್‌ನಲ್ಲಿ ಬದಲಾವಣೆ ಇರುವುದು ಆಮೇಲೆ ತಿಳಿಯಿತು. ಇವರು ತೂಕ ಕಳೆದುಕೊಳ್ಳುತ್ತಾರೆ, ಮಲ ಜಿಡ್ಡುಜಿಡ್ಡಾಗುತ್ತದೆ, ಸಕ್ಕರೆ ಕಾಯಿಲೆಯೂ ಬರಬಹುದು.

ದಿಢೀರ್ ಬರುವ ಪ್ಯಾಂಕ್ರಿಯಾಟೈಟಿಸ್‌ನ ಗುರುತೇ ಬೇರೆ. ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು ಎದ್ದು, ಬಹಳ ಮಂದಿಗೆ ಬೆನ್ನಿಗೂ ಹಾಯುತ್ತದೆ. ಗಂಟೆಗಟ್ಟಲೆ ಬಿಡುವುದಿಲ್ಲ. ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕೂತರೆ ಕೊಂಚ ಹಗುರ. ಮತ್ತೆಮತ್ತೆ ವಾಂತಿಯಾದರೂ ನೋವು ಇಳಿಯುವುದಿಲ್ಲ. ಜೊತೆಗೆ ಜ್ವರ, ಉಸಿರಾಟದ ತೊಂದರೆ, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ಒಂದು ಕ್ಷಣವೂ ತಡಮಾಡಬಾರದು.

ಇಂಥ ನೋವು, ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್ ಸಾಮಾನ್ಯ ಮಿತಿಯ ಮೂರು ಪಟ್ಟಿಗೂ ಹೆಚ್ಚು, ಸ್ಕ್ಯಾನ್‌ನಲ್ಲಿ ಕಾಣುವ ಊತ: ಈ ಮೂರರಲ್ಲಿ ಎರಡಿದ್ದರೆ ವೈದ್ಯರು ಕಾಯಿಲೆಯನ್ನು ಖಚಿತಪಡಿಸುತ್ತಾರೆ. ಹೃದಯಾಘಾತವೂ ಹೀಗೆಯೇ ಕಾಡಬಲ್ಲದು, ಆದ್ದರಿಂದ ಇಸಿಜಿಯೂ ಬೇಕು. ಬೇಗ ಆಸ್ಪತ್ರೆ ಸೇರಿ ಡ್ರಿಪ್ ಮತ್ತು ನೋವಿನ ಔಷಧಿ ಪಡೆದ ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮಾತ್ರೆಗೆ ಬಗ್ಗದೆ ಬೆನ್ನಿಗೆ ಹಾಯುವ ಹೊಟ್ಟೆನೋವನ್ನು ದಯವಿಟ್ಟು ಬೆಳಗಾಗಲಿ ಎಂದು ಮುಂದೂಡಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೋಗಿ.